ಚಿರತೆ ಹಲ್ಲಿಯ ಬಾಲ ತುಂಬಿದ್ದು

ನಮ್ಮ ಬ್ಯಾಡಗಿಯಲ್ಲಿ ಮೆಣಸಿನಕಾಯಿ ಎರಡು ಥರ. ಮೈದುಂಬಿಕೊಂಡದ್ದು ಡಬ್ಬಿ, ಸಣಕಲಾಗಿ ಉದ್ದಕ್ಕಿರುವುದು ಕಡ್ಡಿ. ದಲಾಲಿ ಅಂಗಡಿಯಲ್ಲಿ ಅರ್ಧ ಆಯುಷ್ಯ ಕಳೆದ ನನಗೆ ಕಂಡದ್ದನ್ನೆಲ್ಲ ಹೀಗೇ ವಿಂಗಡಿಸುವ ಚಟ. ಮಗಳು ಹಾವೇರಿಯ ಹಾಸ್ಟೆಲಿಗೆ ಹೋಗುವಾಗ ನನಗೆ ಒಪ್ಪಿಸಿಹೋದ ಪ್ರಾಣಿಯ ಬಾಲ ಒಳ್ಳೇ ಡಬ್ಬಿಯಾಗಿತ್ತು. ಚಳಿಗಾಲ ಮುಗಿಯುವ ಹೊತ್ತಿಗೆ ಕಡ್ಡಿಯಾಗಿತ್ತು.

ಪ್ರಾಣಿ ಎಂದರೆ ಚಿರತೆ ಹಲ್ಲಿ. ಹಳದಿ ಮೈ, ಕಪ್ಪು ಚುಕ್ಕಿ, ಅಂಗೈಗಿಂತ ತುಸು ಉದ್ದ. ಗೋಡೆ ಹತ್ತುವುದಿಲ್ಲ, ಲೊಚಗುಟ್ಟಿ ಶಕುನ ಹೇಳುವುದಿಲ್ಲ. ಕಣ್ಣಿಗೆ ರೆಪ್ಪೆ ಇರುವುದರಿಂದ ನಮ್ಮನ್ನು ನೋಡಿ ಬೇಸರವಾದರೆ ಮುಚ್ಚಿಕೊಳ್ಳುತ್ತದೆ. ಗಾಜಿನ ಪೆಟ್ಟಿಗೆಯಲ್ಲಿದ್ದುಕೊಂಡು ಜೀವಂತ ಹುಳು ತಿಂದು, ಬಂದ ಕೊಬ್ಬನ್ನೆಲ್ಲ ಬಾಲದಲ್ಲಿ ಕೂಡಿಡುತ್ತದೆ. ಬಾಲ ಬತ್ತಿತೆಂದರೆ ಗಂಟು ಕರಗುತ್ತಿದೆ, ಮುಂದೆ ಜೀವವೇ ಉಳಿಯುವುದಿಲ್ಲ. ಇಷ್ಟನ್ನೂ ಮಗಳೇ ಹೇಳಿಕೊಟ್ಟದ್ದು. ಹೇಳಬಾರದಿತ್ತು. ಮನೆಗೆ ಕೀಲಿ ಹಾಕಿ ಬಸ್ ಸ್ಟ್ಯಾಂಡಿನವರೆಗೆ ಹೋದವನು ಹೊಳ್ಳಿ ಬಂದು ಕೀಲಿ ಜಗ್ಗಿ ನೋಡುವ ಆಸಾಮಿ ನಾನು. ಅಂಥವನ ಕೈಗೆ ಚಿಂತೆಯ ಜೊತೆ ಅಳತೆಯನ್ನೂ ಕೊಟ್ಟಂತಾಯಿತು.

ದಿನಾ ಸಂಜೆ ಅಂಗಡಿಯಿಂದ ಬಂದವನೇ ಅದನ್ನೆತ್ತಿ ಸ್ಟೀಲ್ ಬಟ್ಟಲಲ್ಲಿಟ್ಟು, ಕಾಯಿಯ ಮಾದರಿ ತೂಗುವ ಸಣ್ಣ ತಕ್ಕಡಿಯಲ್ಲಿ ತೂಗತೊಡಗಿದೆ. ತೂಕ ಇಳಿಯುತ್ತಲೇ ಹೋಯಿತು.

"ಬಂದ ಕೂಡ್ಲೇ ಹಲ್ಲಿ ತೂಗ್ತೀರಲ್ಲ, ನಾ ಸೊರಗೇನಿ ಏನಂತ ಎಂದರ ತೂಗಿ ನೋಡೀರೇನು?" ಎಂದಳು ಹೆಂಡತಿ.

"ನಿನ್ನ ತೂಗಾಕ ವೇಬ್ರಿಜ್ಜಿಗೇ ಹೋಗಬೇಕು."

ಆ ಸಂಜೆ ನನಗೆ ಚಹಾ ಬರಲಿಲ್ಲ.

ಹುಳುವನ್ನು ಎದುರಿಗಿಟ್ಟರೆ ಹಲ್ಲಿ ಮೂಸುತ್ತಿತ್ತು, ಮುಖ ತಿರುಗಿಸುತ್ತಿತ್ತು. ಕಡೆಗೆ ಮಗಳಿಗೆ ಫೋನಿನಲ್ಲಿ ಹೇಳಿಯೇಬಿಟ್ಟೆ.

"ನಾಳೆ ಪೇಪರ್ ಬಿಟ್ಟು ಬರ್ತೇನಪ್ಪಾ."

"ಬರಬ್ಯಾಡ. ನೀ ಪರೀಕ್ಷಾ ಬರಿ. ಇದನ್ನ ನಾ ಉಳಸ್ತೇನಿ."

ಮಾತು ಬಾಯಿಂದ ಹೊರಬಿದ್ದ ಮೇಲೆ ನನಗೇ ಗಾಬರಿಯಾಯಿತು. ಆದರೂ ಮರುದಿನ ಅಂಗಡಿ ತೆರೆಯಲಿಲ್ಲ. ಹಲ್ಲಿಯನ್ನು ತೂತು ಕೊರೆದ ಡಬ್ಬದಲ್ಲಿಟ್ಟು, ಡಬ್ಬಕ್ಕೆ ನನ್ನ ಮಫ್ಲರ್ ಸುತ್ತಿ, ಅದರ ಹುಳುಗಳ ಡಬ್ಬವನ್ನೂ ಹಿಡಿದು ರಾಣೆಬೆನ್ನೂರಿನ ಬಸ್ಸು ಹತ್ತಿದೆ.

ಅಲ್ಲಿಯ ಪಶುವೈದ್ಯೆಯ ಬಾಗಿಲಲ್ಲಿ ಎರಡು ನಾಯಿ, ಒಂದು ಹೋತ, ನಾನು. ಸರದಿ ಬಂದಾಗ ಡಾಕ್ಟರು ಹಲ್ಲಿಯ ಬಾಯಿ, ಹೊಟ್ಟೆ, ಹಿಕ್ಕೆ ಎಲ್ಲ ನೋಡಿದರು. ಏನು ತಿನ್ನಲು ಕೊಡುತ್ತೀರಿ ಎಂದು ಕೇಳಿ ಹುಳುಗಳ ಡಬ್ಬದ ಮುಚ್ಚಳ ತೆಗೆದರು. ಸೀನಿದರು. ಮುಖ ಆಚೆ ತಿರುಗಿಸಿ ಮತ್ತೆ ಸೀನಿದರು.

"ಏನ್ರಿ ಇದು, ಹುಳಕ್ಕ ಒಗ್ಗರಣಿ ಹಾಕೀರೇನು?"

"ಬರೇ ಗೋಧಿ ತೌಡ್ರಿ ಡಾಕ್ಟ್ರ. ಅದನ್ನ ತಿಂದ ಹುಳ ಬೆಳಿತಾವ. ನಮ್ಮ ಓಣ್ಯಾಗಿನ ಗಿರಣಿಂದ ತಂದೇನಿ."

"ಆ ಗಿರಣ್ಯಾಗ ಖಾರಪುಡಿ ಬೀಸ್ತಾರ?"

"ಬ್ಯಾಡಗ್ಯಾಗ ಖಾರಪುಡಿ ಬೀಸದ ಗಿರಣಿ ಎಲ್ಲೈತ್ರಿ?"

ನಾನೂ ಡಬ್ಬಕ್ಕೆ ಮೂಗು ಹಚ್ಚಿ ಎಳೆದೆ. ತೌಡಿನ ವಾಸನೆ ಬಿಟ್ಟರೆ ನನಗೇನೂ ಬರಲಿಲ್ಲ.

"ನಿಮಗೆಲ್ಲಿ ಬರತೈತ್ರಿ," ಎಂದು ಕಣ್ಣೊರೆಸಿಕೊಂಡರು ಡಾಕ್ಟರು. "ಕೈ ತೋರಸ್ರಿ."

ತೋರಿಸಿದೆ. ಬಣ್ಣ ನೋಡಲು ದಿನವಿಡೀ ಕಾಯಿ ಮುರಿಯುವ ಬೆರಳು. ಉಗುರಿನ ಸಂದಿ ಯಾವತ್ತೂ ಕೆಂಪು.

"ಇದ ಕೈಲೇ ಅದನ್ನ ಎತ್ತತೀರಿ?"

"ದಿನಾ ಸಂಜಿಕ್ರಿ. ತೂಗಾಕ."

ಅವರು ನಗದೇ ಇದ್ದದ್ದು ದೊಡ್ಡತನ. "ನೋಡ್ರಿ, ನಾ ಎಮ್ಮಿ, ನಾಯಿ ನೋಡಾಕಿ. ಇಂಥಾದರ ಬಗ್ಗೆ ಓದೇನಿ ಅಷ್ಟ. ಇದ ಕಾರಣ ಅಂತ ಖಾತ್ರಿ ಕೊಡಾಂಗಿಲ್ಲ. ಆದ್ರ ಬ್ಯಾರೆ ರೋಗ ಕಾಣವಲ್ದು. ಮೊದಲ ಖಾರ ದೂರ ಮಾಡ್ರಿ, ಹೊಟ್ಟಿ ಕೆಳಗ ಬೆಚ್ಚಗಿರ್ಲಿ, ಹುಳಕ್ಕ ಕ್ಯಾಲ್ಸಿಯಂ ಪುಡಿ ಹಚ್ಚಿ ಕೊಡ್ರಿ. ತೂಗೋದು ವಾರಕ್ಕೊಮ್ಮೆ."

ಖಾರ ದೂರ ಮಾಡಿ ಎಂದು ಬ್ಯಾಡಗಿಯವನಿಗೆ ಹೇಳುವುದು ಸುಲಭ. ನಮ್ಮ ಮುಂದಿನ ಕೋಣೆಯ ತುಂಬ ಮೆಣಸಿನಕಾಯಿಯ ಮಾದರಿ ಚೀಲಗಳು. ಆ ಕೋಣೆ ಬೆಚ್ಚಗಿರುತ್ತದೆಂದು ಗಾಜಿನ ಪೆಟ್ಟಿಗೆಯನ್ನು ನಾನೇ ಚೀಲಗಳ ನಡುವೆ ಇಟ್ಟಿದ್ದೆ, ಅದೂ ನನ್ನ ಜಾಣತನವೆಂದು ಬೀಗಿಕೊಂಡು.

ಅದೇ ಸಂಜೆ ಪೆಟ್ಟಿಗೆ ಹಿತ್ತಲ ಕಡೆಯ ಕೋಣೆಗೆ ಹೋಯಿತು. ಅಲ್ಲಿ ಹೆಂಡತಿಯ ಹೊಲಿಗೆ ಮಷೀನಿತ್ತು. ಅವಳು ಏನೋ ಗೊಣಗಿ ಅದನ್ನು ಮೂಲೆಗೆ ತಳ್ಳಿದಳು. ತೌಡು, ಹುಳು ಎರಡನ್ನೂ ಚೆಲ್ಲಿದೆ. ಹೊಸ ಹುಳುಗಳನ್ನು ಹುಬ್ಬಳ್ಳಿಯಿಂದ ತರಿಸಿ, ಅವಕ್ಕೆ ಸೀಲ್ ಮಾಡಿದ ಪ್ಯಾಕೆಟ್ಟಿನ ಓಟ್ಸ್ ಹಾಕಿದೆ. ಮನೆಯಲ್ಲಿ ನಾವು ರೊಟ್ಟಿ ತಿನ್ನುವವರು, ಹುಳುಗಳಿಗೆ ಮಾತ್ರ ಓಟ್ಸ್. ಇನ್ನು ನನ್ನ ವಿಷಯ: ಅಂಗಡಿಯಿಂದ ಬಂದವನು ಹಿತ್ತಲಲ್ಲೇ ಅಂಗಿ ಬಿಚ್ಚಿ, ಕೈಗೆ ಎಣ್ಣೆ ತಿಕ್ಕಿ, ಸೋಪು ಹಚ್ಚಿ, ಸ್ನಾನ ಮಾಡಿಯೇ ಆ ಕೋಣೆಗೆ ಕಾಲಿಡಬೇಕು. ನಮ್ಮವ್ವ ದೇವರಿಗೂ ಇಷ್ಟು ಮಡಿ ಮಾಡಿರಲಿಲ್ಲ.

ಮುಟ್ಟದೆ ಚಿಮಟದಲ್ಲಿ ಹುಳು ಹಿಡಿದು ಕೂತೆ. ಹಲ್ಲಿ ಕಣ್ಣು ಮುಚ್ಚಿಕೊಂಡಿತು. ಮರುದಿನವೂ ಕೂತೆ. ತಕ್ಕಡಿಯ ಕಡೆ ಕೈ ಹೋಗದಂತೆ ಅದನ್ನು ಅಂಗಡಿಗೇ ಒಯ್ದಿಟ್ಟಿದ್ದೆ.

"ಹಿಂಗ ಮಾರಿ ಸಣ್ಣ ಮಾಡ್ಕೊಂಡು ಕುಂತ್ರ ಯಾರ ತಿಂತಾರ್ರಿ?" ಎಂದಳು ಹೆಂಡತಿ. "ಏಳ್ರಿ. ಅದಕ್ಕೂ ನಾಚಿಕಿ ಇರತೈತಿ."

ಎದ್ದೆ. ಮರುದಿನ ಮತ್ತೆ ಕೂತೆ. ಆದರೆ ಅದು ತಿಂದದ್ದು ನನ್ನೆದುರಿಗಲ್ಲ. ಒಂದು ಮಧ್ಯಾಹ್ನ ಕಾಯಿಗೆ ದರ ಬರೆದು ಹಾಕುವ ಟೆಂಡರಿನ ಗದ್ದಲದಲ್ಲಿದ್ದಾಗ ಹೆಂಡತಿಯ ಫೋನು ಬಂತು. ಹಲ್ಲಿ ಎಂದರೆ ಮಾರು ದೂರ ನಿಲ್ಲುವವಳು.

"ತಿಂತ್ರಿ! ನಾ ಚಿಮಟದಾಗ ಹಿಡದಿದ್ದೆ, ಟಕ್ ಅಂತ ಕಸಗೊಂಡ್ತು. ಇನ್ನೊಂದು ಹಿಡದೆ, ಅದನ್ನೂ ತಿಂತು!"

"ತಿಂತಂತ!" ಎಂದು ನಾನು ಅಂಗಡಿಯಲ್ಲಿ ಕೂಗಿಬಿಟ್ಟೆ.

"ಯಾರ್ರಿ? ಮನ್ಯಾಗ ಕೂಸೈತೇನು?" ಎಂದ ಪಕ್ಕದ ಅಂಗಡಿಯವನು.

"ಇಲ್ಲೋ, ಚಿರತಿ."

ಅವನು ತನ್ನ ಅಂಗಡಿಯೊಳಗೆ ಸರಿದ.

ಅಲ್ಲಿಂದ ಮುಂದೆ ವಾರಕ್ಕೊಮ್ಮೆ ತೂಗಿದೆ. ಏರಿತು, ಒಂದು ವಾರ ನಿಂತಿತು, ಆ ವಾರ ನನಗೆ ನಿದ್ದೆ ಸರಿಯಾಗಿ ಬರಲಿಲ್ಲ, ಮತ್ತೆ ಏರಿತು. ಮಗಳು ಪರೀಕ್ಷೆ ಮುಗಿಸಿ ಬಂದು, ಚೀಲ ಇಳಿಸುವ ಮೊದಲೇ ಹಿತ್ತಲ ಕೋಣೆಗೆ ಹೋದಳು. ನಾನು ಬಾಗಿಲಲ್ಲಿ ನಿಂತೆ. ಬಾಲ ಕುತ್ತಿಗೆಯಷ್ಟು ದಪ್ಪವಾಗಿತ್ತು. ಅವಳು ಅದನ್ನು ಅಂಗೈ ಮೇಲೆ ಹತ್ತಿಸಿಕೊಂಡು, ಮುಂಗಾಲಿನ ಬುಡ ಬಗ್ಗಿ ನೋಡಿದಳು.

"ಅಪ್ಪಾ, ಬಗಲಾಗ ಕೊಬ್ಬು ಉಬ್ಬಾಕತ್ತೈತಿ. ಸಾಕಿನ್ನ. ಇಷ್ಟ ಇರಬೇಕು, ಇದಕ್ಕಿಂತ ಹೆಚ್ಚಾದ್ರೂ ಜಡ್ಡ. ಇನ್ನ ಹುಳ ಸೋಮವಾರ, ಗುರುವಾರ ಅಷ್ಟ."

"ಗಾಜಿಗೆ ಬಂದು ಕೇಳತೈತಲ್ಲವಾ."

"ಕೇಳ್ಲಿ."

ಊಟಕ್ಕೆ ಕೂತವರು ಎಲೆಗೆ ಅಡ್ಡ ಕೈ ಹಿಡಿದರೂ ಇನ್ನೊಂದು ರೊಟ್ಟಿ ಒಗೆಯುವ ಮನೆ ನಮ್ಮದು. ಸಾಕು ಎನ್ನುವುದನ್ನು ಯಾರೂ ಕಲಿಸಿಲ್ಲ. ಅವಳು ಮಂಗಳವಾರ ಹಾವೇರಿಗೆ ಹೋದಳು. ಬುಧವಾರ ಸಂಜೆ ಹಲ್ಲಿ ಮುಂದಕ್ಕೆ ಬಂತು, ತಲೆ ಎತ್ತಿತು, ನಾಲಗೆಯಿಂದ ತುಟಿ ಸವರಿಕೊಂಡಿತು. ನಾನು ನೀರಿನ ಬಟ್ಟಲು ತೊಳೆದು ತುಂಬಿಸಿದೆ. ಅದು ಇನ್ನೂ ನೋಡುತ್ತಲೇ ಇತ್ತು.

"ನಾಳೆ," ಎಂದು ಗಟ್ಟಿಯಾಗಿ ಹೇಳಿ ಮುಚ್ಚಳ ಹಾಕಿದೆ.