ಛತ್ರಿಯ ಮುರಿದ ಕಡ್ಡಿ

ನಮ್ಮ ಮನೆಗೆ ಬಂದವರು ಮೊದಲು ಗೋಡೆ ನೋಡುತ್ತಿದ್ದರು, ಆಮೇಲೆ ನನ್ನನ್ನು, ಕೊನೆಗೆ ಅಯ್ಯೋ ಪಾಪ ಎಂಬಂತೆ ನನ್ನ ಹೆಂಡತಿಯನ್ನು. ದೇವರ ಪಟಗಳಿರಬೇಕಾದ ಕಡೆ ಬೋಳುತಲೆಯ ಗುಮಾಸ್ತರು, ಲಟ್ಟಣಿಗೆ ಹಿಡಿದ ಹೆಂಗಸರು, ಮುಖದ ತುಂಬ ಮೂಗೇ ಇದ್ದ ಮಂತ್ರಿಗಳು ತೂಗುತ್ತಿದ್ದರು. ನಾನು ಬಾಗಲಕೋಟೆಯ ಹೈಸ್ಕೂಲೊಂದರಲ್ಲಿ ಗಣಿತದ ಮಾಸ್ತರ. ಉಳಿದ ಹೊತ್ತಿನಲ್ಲಿ, ಸ್ವಾತಂತ್ರ್ಯ ಬಂದ ಹೊಸತರಲ್ಲಿ ವಾರಪತ್ರಿಕೆಗಳಿಗೆ ವ್ಯಂಗ್ಯಚಿತ್ರ ಬರೆಯುತ್ತಿದ್ದವರ ಮೂಲಚಿತ್ರಗಳನ್ನು ಹುಡುಕಿಕೊಂಡು ತಿರುಗುತ್ತಿದ್ದೆ. ಅಚ್ಚಾದದ್ದು ನನಗೆ ಸಾಲದು. ಅವರು ಮಸಿಯಲ್ಲಿ ಅದ್ದಿ ಬರೆದ ಕಾಗದವೇ ಬೇಕು.

ಅಚ್ಚಿಗೆಂದು ಚಿತ್ರದ ಲೋಹದ ಬ್ಲಾಕು ಮಾಡಿಸಿದ ಮೇಲೆ ಆ ಕಾಗದ ಯಾರಿಗೂ ಬೇಡವಾಗುತ್ತಿತ್ತು. ಹಾಗಾಗಿ ಅದು ಎಲ್ಲಿ ಬೇಕಾದರೂ ಸಿಗುತ್ತಿತ್ತು, ಹುಡುಕಿದ ಕಡೆ ಮಾತ್ರ ಸಿಗುತ್ತಿರಲಿಲ್ಲ. ಇಳಕಲ್ಲಿನಲ್ಲಿ ಒಂದು ಹಳೆಯ ಸೀರೆಯ ಮಡಿಕೆಯೊಳಗೆ ಸಿಕ್ಕಿತು. ಹುನಗುಂದದಲ್ಲಿ ಒಂದು ಉಪ್ಪಿನಕಾಯಿ ಭರಣಿಯ ಬಾಯಿಗೆ ಕಟ್ಟಿಸಿಕೊಂಡು ಎಣ್ಣೆ ಕುಡಿಯುತ್ತ ಕೂತಿತ್ತು. ಬಾದಾಮಿಯಲ್ಲಿ ಒಬ್ಬ ಪುಣ್ಯಾತ್ಮರು ಚಹಾ ಕುಡಿಸಿ, ಊಟ ಹಾಕಿ, ಕೊನೆಗೆ ರಸಗೊಬ್ಬರದ ಕ್ಯಾಲೆಂಡರ್ ತೋರಿಸಿದರು.

ಮೂಲಚಿತ್ರವನ್ನು ಗುರುತಿಸುವುದು ಕಷ್ಟವಲ್ಲ. ತಪ್ಪಿದ ಗೆರೆಯ ಮೇಲೆ ಬಳಿದ ಬಿಳಿ ಬಣ್ಣ ಹಳದಿಗೆ ತಿರುಗಿರುತ್ತದೆ, ಅಂಚಿನಲ್ಲಿ ಅಳತೆ ಬರೆದ ನೀಲಿ ಪೆನ್ಸಿಲ್ಲಿನ ಗುರುತಿರುತ್ತದೆ. ಯಾರದು ಎಂದು ಗುರುತಿಸುವುದೇ ಕಷ್ಟ, ಎಷ್ಟೋ ಜನ ಸಹಿಯನ್ನೇ ಹಾಕುತ್ತಿರಲಿಲ್ಲ. ನಾನು ಎಲ್ಲರಿಗಿಂತ ಹೆಚ್ಚು ಬೆನ್ನು ಹತ್ತಿದ್ದ ಚಿತ್ರಕಾರರೊಬ್ಬರೂ ಅಂಥವರೇ. ಆದರೆ ಅವರ ಚಿತ್ರದಲ್ಲಿ ಛತ್ರಿ ಬಂತೆಂದರೆ ಅದರ ಒಂದು ಕಡ್ಡಿ ಮುರಿದು ಜೋತಾಡುತ್ತಲೇ ಇರಬೇಕು. ಅಚ್ಚಾದ ಅವರ ಚಿತ್ರಗಳೆಲ್ಲ ನನ್ನ ಕಪಾಟಿನಲ್ಲಿ, ಹಳೆಯ ಸಂಚಿಕೆಗಳಲ್ಲಿದ್ದವು. ಅವರ ಮೂಲಚಿತ್ರ ಒಂದೂ ಇರಲಿಲ್ಲ.

ಊರು ಅಣೆಕಟ್ಟಿನ ಹಿನ್ನೀರಿಗೆ ಹೋಗುವುದು ಖಾತ್ರಿಯಾಗಿ, ಜನ ಹೊಸದಾಗಿ ಕಟ್ಟಿದ ನವನಗರಕ್ಕೆ ಸಾಮಾನು ಸಾಗಿಸಲು ಸುರು ಮಾಡಿದ್ದ ಕಾಲ. ಅಟ್ಟದ ಮೇಲಿನದೆಲ್ಲ ಓಣಿಗೆ ಬೀಳುತ್ತಿತ್ತು. ಹಳೆಯ ಪತ್ರಿಕೆಗಳಿವೆ ಎಂದು ಕೇಳಿ ಒಂದು ಮನೆಗೆ ಹೋದೆ. ಆ ಮನೆಯ ಯಜಮಾನಿ ಐವತ್ತು ದಾಟಿದ ಹೆಂಗಸು. ಗಂಡ ಮನೆಯಳಿಯನಾಗಿ ಬಂದದ್ದರಿಂದ ಆಕೆ ಹುಟ್ಟಿದ ಮನೆಯಲ್ಲೇ ಉಳಿದಿದ್ದರು. ಪಡಸಾಲೆಯ ಗೋಡೆಯ ಮೇಲೆ ಚೆಂಡುಹೂವಿನ ಮಾಲೆ ಹಾಕಿಸಿಕೊಂಡ, ಕುಂಕುಮ ಹಚ್ಚಿಸಿಕೊಂಡ ಒಂದು ಪಟವಿತ್ತು. ಅದರಲ್ಲಿ ದೊಡ್ಡ ರುಮಾಲಿನ, ಅದಕ್ಕಿಂತ ದೊಡ್ಡ ಮೀಸೆಯ ಸಾಹುಕಾರರೊಬ್ಬರು ಬಿಸಿಲಲ್ಲಿ ಬೆವರುತ್ತ, ಛತ್ರಿಯನ್ನು ಮಾತ್ರ ಕೈ ಚಾಚಿ ಮುಂದಕ್ಕೆ ಹಿಡಿದಿದ್ದರು. ಛತ್ರಿಯ ಒಂದು ಕಡ್ಡಿ ಮುರಿದಿತ್ತು.

ನಾನು ಗೋಡೆಯ ಹತ್ತಿರ ಹೋಗಿ ನಿಂತೆ. ಆ ಚಿತ್ರವನ್ನು ಅಚ್ಚಿನಲ್ಲಿ ಎಷ್ಟು ಸಲ ನೋಡಿದ್ದೆನೋ. ಪೂರ್ತಿ ಚಿತ್ರದಲ್ಲಿ ಸಾಹುಕಾರರು ಕತ್ತೆಯ ಮೇಲೆ ಕೂತಿದ್ದಾರೆ, ಛತ್ರಿಯ ನೆರಳು ಕತ್ತೆಯ ತಲೆಗೆ. ಕೆಳಗೆ, ಪತ್ರಿಕೆಯವರು ಅಚ್ಚುಮೊಳೆಯಲ್ಲಿ ಸೇರಿಸಿದ ಅವರದೇ ಮಾತು: ‘ದಾರಿ ಗೊತ್ತಿದ್ದವ ಇವನೊಬ್ಬನೇ!’ ಈ ಪಟದಲ್ಲಿ ಕತ್ತೆ ಇರಲಿಲ್ಲ. ಚೌಕಟ್ಟಿನೊಳಗೆ ದಪ್ಪ ರಟ್ಟು ಕೂಡಿಸಿ ಸೊಂಟದಿಂದ ಕೆಳಗಿನದನ್ನೆಲ್ಲ ಮುಚ್ಚಿದ್ದರು. ರಟ್ಟಿನ ಮೇಲೆ ಎರಡು ಕಿವಿಗಳ ತುದಿ ಮಾತ್ರ ಇಣುಕುತ್ತಿತ್ತು.

‘ನಮ್ಮಪ್ಪ’ ಎಂದರು ಆಕೆ.

ಆಕೆ ಹೊಟ್ಟೆಯಲ್ಲಿದ್ದಾಗಲೇ ತಂದೆ ತೀರಿಕೊಂಡರಂತೆ. ಒಂದು ಫೋಟೋ ಕೂಡ ಇಲ್ಲವೆಂದು ತಾಯಿ ಅತ್ತಾಗ, ಹುಬ್ಬಳ್ಳಿಯಲ್ಲಿ ಬ್ಲಾಕು ಮಾಡುವ ಅಂಗಡಿಯಲ್ಲಿದ್ದ ಸೋದರಮಾವ ಇದನ್ನು ಕಟ್ಟು ಹಾಕಿಸಿಕೊಂಡು ಬಂದು, ಭಾವನವರು ಹೀಗೇ ಇದ್ದರು ಎಂದರಂತೆ. ತಾಯಿಯೂ ಹೌದೆಂದರಂತೆ. ಅಲ್ಲಿಂದ ಆತನೇ ಅಪ್ಪ, ಆತನೇ ಮಕ್ಕಳಿಗೆ ಅಜ್ಜ. ಇಣುಕುವ ಕಿವಿಗಳು ಜೋಳದ ಗರಿ. ಅಜ್ಜ ಹೊಲದಲ್ಲಿ ನಿಂತಿದ್ದಾನೆ, ತಾನು ಬಿಸಿಲುಂಡು ಆಳುಮಕ್ಕಳಿಗೆ ನೆರಳು ಹಿಡಿದಿದ್ದಾನೆ. ಆ ಪುಣ್ಯಕ್ಕೆಂದು ಮನೆಯವರು ಬೇಸಿಗೆಯಲ್ಲಿ ಮನೆ ಮುಂದೆ ಚಪ್ಪರ ಹಾಕಿ ದಾರಿಹೋಕರಿಗೆ ನೀರು ಕೊಡುತ್ತಿದ್ದರು. ಮಹಾನವಮಿ ಅಮಾವಾಸ್ಯೆಗೆ ಹಿರಿಯರಿಗೆ ಎಡೆ ಹಿಡಿಯುವಾಗ ಹೋಳಿಗೆಯ ಜೊತೆ ಒಂದು ಹೊಸ ಛತ್ರಿ ಇಡುತ್ತಿದ್ದರು. ಇಡುವ ಮೊದಲು ಆಕೆಯ ಹಿರಿಯ ಮಗ ಅದರ ಒಂದು ಕಡ್ಡಿಯನ್ನು ಭಕ್ತಿಯಿಂದ ಮುರಿಯುತ್ತಿದ್ದ.

ನಾನು ಪತ್ರಿಕೆಗಳನ್ನು ಬಿಟ್ಟು ಮನೆಗೆ ಬಂದೆ. ಹೆಂಡತಿಗೆ ಎಲ್ಲ ಹೇಳಿದೆ. ಅದು ಅವರಪ್ಪ ಅಲ್ಲ, ಐವತ್ತು ವರ್ಷದಿಂದ ಒಂದು ವ್ಯಂಗ್ಯಚಿತ್ರಕ್ಕೆ ಆರತಿ ಎತ್ತುತ್ತಿದ್ದಾರೆ, ಸತ್ಯ ಎಂಬುದೊಂದು ಬೇಡವೇ ಎಂದು ಕೂಗಾಡಿದೆ. ಆಕೆ ರೊಟ್ಟಿ ಬಡಿಯುತ್ತಲೇ ಹೇಳಿದಳು, ‘ನಿಮಗ ಬೇಕಾಗಿದ್ದು ಸತ್ಯ ಅಲ್ಲ, ಆ ಪಟ. ಹೋಗಿ ಹೋಗಿ ಆಕಿ ಅಪ್ಪನ್ನ ಕಸಗೋಬ್ಯಾಡ್ರಿ.’

ಸಿಟ್ಟು ಬಂತು, ಯಾಕೆಂದರೆ ಅದು ಖರೆ. ನನಗೆ ಆ ಪಟ ಹಸಿದವನಿಗೆ ರೊಟ್ಟಿ ಬೇಕಾದಷ್ಟು ಬೇಕಾಗಿತ್ತು. ಏನಾದರೊಂದು ನೆಪ ಹುಡುಕಿ ಆ ಮನೆಗೆ ಹೋಗುತ್ತಿದ್ದೆ. ಹುಳ ಹತ್ತಿರಬಹುದು, ಕಟ್ಟು ಬಿಚ್ಚಿ ನೋಡೋಣ ಎಂದೆ. ಹಿರಿಯರನ್ನು ಬಿಚ್ಚುವುದಿಲ್ಲ ಎಂದ ಮಗ. ದೊಡ್ಡದಾಗಿ ಬಣ್ಣದಲ್ಲಿ ಬರೆಸಿಕೊಡುತ್ತೇನೆ, ಹಳೆಯದು ನನಗಿರಲಿ ಎಂದೆ. ಅಜ್ಜನ ಮೇಲೆ ನನಗಿದ್ದ ಭಕ್ತಿ ಕಂಡು ಆ ಮನೆಯವರೆಲ್ಲ ಕರಗಿಹೋದರು, ಪಟ ಮಾತ್ರ ಗೋಡೆ ಬಿಟ್ಟು ಇಳಿಯಲಿಲ್ಲ. ನಾನು ಹೋದಾಗಲೆಲ್ಲ ಪ್ರಸಾದ ಸಿಗತೊಡಗಿತು.

ನವನಗರಕ್ಕೆ ಹೋಗುವ ದಿನ ನನ್ನನ್ನೂ ಕರೆದರು. ಪದ್ಧತಿಯಂತೆ ಹಿರಿಯರೇ ಮೊದಲು ಹೊಸಮನೆ ಹೊಗಬೇಕು. ಅಜ್ಜನನ್ನು ಟೆಂಪೋದ ಮುಂದಿನ ಸೀಟಿನಲ್ಲಿ ಮಗನ ತೊಡೆಯ ಮೇಲೆ ಕೂಡಿಸಿದರು. ಕಿಟಕಿಯ ಬಿಸಿಲು ಹತ್ತಬಾರದೆಂದು ಪಕ್ಕದಲ್ಲಿ ಕೂತ ನನ್ನ ಕೈಗೆ ಒಂದು ಛತ್ರಿ ಕೊಟ್ಟರು. ಛತ್ರಿ ಹಿಡಿದವನಿಗೆ ನಾನು ದಾರಿಯುದ್ದಕ್ಕೂ ಛತ್ರಿ ಹಿಡಿದೆ. ಕಡ್ಡಿ ಮುರಿದದ್ದೇ ಇತ್ತು.

ಹೊಸ ಮನೆಯ ಹೊಸ್ತಿಲಿಗೆ ಮಗ ಎಡವಿದ. ಪಟ ಜಾರಿ ಬಿತ್ತು, ಗಾಜು ಒಡೆಯಿತು, ಚೌಕಟ್ಟು ಬಿಟ್ಟುಕೊಂಡಿತು, ರಟ್ಟು ಪಕ್ಕಕ್ಕೆ ಸರಿಯಿತು. ಹಾಲುಕ್ಕಿಸಲು ಬಂದ ಬಳಗದ ಮುಂದೆ, ನೆಲದ ಮೇಲಿಂದ, ಉದ್ದ ಮುಖದ ಒಂದು ಕತ್ತೆ ತಣ್ಣಗೆ ಎಲ್ಲರನ್ನೂ ನೋಡಿತು. ಅಜ್ಜ ಅದರ ಬೆನ್ನ ಮೇಲಿದ್ದರು.

ಒಬ್ಬಿಬ್ಬರ ತುಟಿ ಅದುರುತ್ತಿತ್ತು, ಇನ್ನೊಂದು ಗಳಿಗೆ ಬಿಟ್ಟರೆ ನಗು ಸಿಡಿಯುತ್ತಿತ್ತು. ಮಗ ನನ್ನ ಮುಖ ನೋಡಿದ. ಚಿತ್ರ ಬಲ್ಲ ಮಾಸ್ತರ ನಾನೊಬ್ಬನೇ. ಹೇಳಬೇಕಾದದ್ದೆಲ್ಲ ನನ್ನ ನಾಲಗೆಯ ತುದಿಯಲ್ಲಿತ್ತು, ಪತ್ರಿಕೆ, ಬ್ಲಾಕು, ಮಾವ, ರಟ್ಟು. ಹೇಳಿದರೆ ಪಟ ನನ್ನದಾಗುತ್ತಿತ್ತು, ಅವಮಾನ ಮಾಡುವ ಕತ್ತೆಯನ್ನು ಮನೆಯಲ್ಲಿ ಯಾರು ಇಟ್ಟುಕೊಳ್ಳುತ್ತಾರೆ. ಆಕೆ ಗಾಜಿನ ಚೂರುಗಳ ನಡುವೆ ಕೂತು, ಕಾಗದವನ್ನು ಎತ್ತಿ ಸೆರಗಿನಿಂದ ಒರೆಸಿದರು.

‘ಮಾಸ್ತರ್ರ, ಇದೇನ್ರಿ?’

‘ಕತ್ತಿ ರೀ, ಅಕ್ಕಾರ’ ಎಂದಷ್ಟೇ ಹೇಳಿದೆ.

ಆಕೆ ಕತ್ತೆಯ ಕಿವಿಯಿಂದ ಛತ್ರಿಯವರೆಗೆ ಬೆರಳಾಡಿಸಿದರು. ಆಮೇಲೆ ತಲೆಯೆತ್ತಿದಾಗ ಕಣ್ಣುಗಳು ತುಂಬಿದ್ದವು, ಮುಖ ಮಾತ್ರ ಅರಳಿತ್ತು. ‘ನೋಡ್ರಿ, ಮಂದಿಗಷ್ಟ ಅಂದ್ಕೊಂಡಿದ್ನಿ. ನಮ್ಮಪ್ಪ ಕತ್ತಿಗೂ ನೆಳ್ಳು ಹಿಡದಾನ.’

ಅದುರುತ್ತಿದ್ದ ತುಟಿಗಳು ನಿಂತವು. ಹಿರಿಯರೊಬ್ಬರು ಕತ್ತೆಗೂ ಸೇರಿಸಿ ಕೈ ಮುಗಿದರು.

ಹೊಸ ಕಟ್ಟು ಹಾಕಿಸಿ ತರುವ ಕೆಲಸ ನನ್ನ ಪಾಲಿಗೆ ಬಂತು. ಒಂದಿಡೀ ಮಧ್ಯಾಹ್ನ ಆ ಕಾಗದ ನನ್ನ ಕೈಯಲ್ಲಿತ್ತು. ಮೀಸೆಯ ಮೇಲೆ ಹಳದಿಯಾದ ಬಿಳಿ ಬಣ್ಣ, ಅಂಚಿನಲ್ಲಿ ನೀಲಿ ಪೆನ್ಸಿಲ್, ಎಲ್ಲ ಇತ್ತು. ಕತ್ತೆಯ ಗೊರಸಿನವರೆಗೂ ಕಾಣುವಂತೆ ಕಟ್ಟು ಹಾಕಿಸಿ ಮರಳಿ ಕೊಟ್ಟೆ. ಹೊಟ್ಟೆ ಉರಿಯಿತು ಎಂಬುದನ್ನು ಮುಚ್ಚಿಡುವುದಿಲ್ಲ.

ಆ ಸಲದ ಅಮಾವಾಸ್ಯೆಗೆ ಹೋಳಿಗೆ, ಛತ್ರಿಗಳ ಪಕ್ಕದಲ್ಲಿ ಒಂದು ಹಿಡಿ ಹಸಿ ಮೇವೂ ಇತ್ತು. ಊಟಕ್ಕೆ ಬಂದ ನವನಗರದ ಹೊಸ ನೆರೆಯವರು ಪಟದ ಮುಂದೆ ಕಕ್ಕಾಬಿಕ್ಕಿಯಾಗಿ ನಿಂತಿದ್ದರು. ಆಕೆ ನನ್ನ ಎಲೆಗೆ ತುಪ್ಪ ಬಡಿಸುತ್ತ, ಅವರಿಗೆ ಕೇಳುವಂತೆ ಕೇಳಿದರು: ‘ನೀವು ಇಂಥಾ ಚಿತ್ರ ಭಾಳ ನೋಡೀರಿ. ಕತ್ತಿಗೆ ನೆಳ್ಳು ಹಿಡದ ಮನಷ್ಯಾ ಮತ್ಯಾರರ ಅದಾರೇನ್ರಿ?’

ನನ್ನ ಕಪಾಟಿನ ಪ್ರತಿಯೊಂದು ಸಂಚಿಕೆಯನ್ನೂ ಮನಸ್ಸಿನಲ್ಲೇ ತಿರುವಿದೆ. ಆ ಒಂದು ಚಿತ್ರ ಬಿಟ್ಟರೆ ಗುಮಾಸ್ತರು, ಮಂತ್ರಿಗಳು, ಸಾಹುಕಾರರು ಎಲ್ಲರೂ ತಮ್ಮ ತಮ್ಮ ತಲೆಯ ಮೇಲೇ ಛತ್ರಿ ಹಿಡಿದಿದ್ದರು.

‘ಇಲ್ರಿ ಅಕ್ಕಾರ’ ಎಂದೆ, ‘ನಿಮ್ಮಪ್ಪಾರು ಒಬ್ಬರ.’