ರಾಣಿ ಕೂತಳೆಂದರೆ ಕೂತಳು

ನನ್ನ ಷಡ್ಡಕನಿಗೆ ಹೆತ್ತವರು ಇಟ್ಟ ಹೆಸರೊಂದಿದೆ. ಅದು ಸಂಬಳದ ಚೀಟಿಯಲ್ಲಿ ಮಾತ್ರ ಉಸಿರಾಡುತ್ತಿದೆ. ಪೊಲೀಸ್ ಶ್ವಾನದಳ ಸೇರಿ, ರಾಣಿ ಎಂಬ ನಾಯಿಯ ಹಗ್ಗ ಹಿಡಿದಂದಿನಿಂದ ಇಡೀ ಬೀದಿಗೆ ಅವನು ರಾಣಿಯಪ್ಪ. ಹಾಲಿನವನು ಹಾಗೆ ಕರೆದ, ಕ್ಷೌರದವನು ಹಾಗೆ ಕರೆದ, ಕೊನೆಗೆ ಅವನ ಸ್ವಂತ ತಾಯಿಯೂ "ರಾಣಿಯಪ್ಪ ಊಟಕ್ಕೆ ಬಂದನೇನೇ?" ಎಂದು ಸೊಸೆಯನ್ನು ಕೇಳತೊಡಗಿದರು. ಆ ಸೊಸೆ, ಅಂದರೆ ನನ್ನ ನಾದಿನಿ, ಒಂದು ದಿನ ನನ್ನ ಅಂಗಡಿಗೆ ಬಂದು ಸಿಡಿಮಿಡಿಗುಟ್ಟಿದಳು: "ಬೀದಿಯವರೆಲ್ಲಾ ನನ್ನನ್ನ ರಾಣಿಯಮ್ಮ ಅಂತಾರಲ್ಲ ಭಾವ, ನಾನೇನು ಅದನ್ನ ಹೆತ್ತಿದ್ದೀನಾ?" ನಾನೇನು ಹೇಳಲಿ? ಬಾಯಲ್ಲಿ ಗುಂಡುಸೂಜಿ ಇದ್ದದ್ದು ಒಳ್ಳೆಯದೇ ಆಯಿತು.

ನಾನು ದರ್ಜಿ. ಶ್ವಾನದಳದ ಗೇಟಿನ ಎದುರಿಗೇ ನನ್ನ ಅಂಗಡಿ. ಅಲ್ಲಿನವರ ಖಾಕಿಯೆಲ್ಲ ನನ್ನ ಮಿಷನ್ನಿನ ಕೆಳಗೇ ಹಾಯ್ದು ಹೋಗುತ್ತದೆ. ಪೇದೆಗಳಿಗೆ ಮಳೆಕೋಟು ಬೇಕೆಂದು ಕೊಟ್ಟ ಅರ್ಜಿ ಯಾವ ಮೇಜಿನ ಮೇಲೆ ಮಲಗಿದೆಯೋ ದೇವರಿಗೇ ಗೊತ್ತು. ಆದರೆ ಪೆರೇಡಿಗೆ ರಾಣಿಗೊಂದು ಮಖಮಲ್ಲಿನ ಕೋಟು ಬೇಕು ಎಂದ ಕೂಡಲೇ ಅನುಮತಿ ಬಂತು. ಹೋಗಿ ಅಳತೆ ತೆಗೆದೆ. ಇಷ್ಟು ವರ್ಷದ ನನ್ನ ಕಸುಬಿನಲ್ಲಿ, ಅಳತೆ ಕೊಡುವಾಗ ಹೊಟ್ಟೆ ಒಳಗೆಳೆದುಕೊಳ್ಳದ ಪೊಲೀಸ್ ಎಂದರೆ ಅವಳೊಬ್ಬಳೇ.

ರಾಣಿಯ ಖ್ಯಾತಿ ಸಾಮಾನ್ಯದ್ದಲ್ಲ. ಕಳುವಾದ ಜಾಗ ಮೂಸುತ್ತಿದ್ದಳು, ಸಾಲಾಗಿ ನಿಂತವರ ಮುಂದೆ ಹಾಯುತ್ತಿದ್ದಳು, ಒಬ್ಬನ ಮುಂದೆ ಕೂರುತ್ತಿದ್ದಳು. ಅವಳು ಯಾರ ಮುಂದೆ ಕೂತಳೋ ಅವನ ಕಥೆ ಮುಗಿಯಿತು. ಅವನು ಅಳಲಿ, ಆಣೆ ಮಾಡಲಿ, ಆವತ್ತು ಆಸ್ಪತ್ರೆಯಲ್ಲಿದ್ದೆ ಎನ್ನಲಿ, ಕೇಳುವವರಿಲ್ಲ. ಪತ್ರಿಕೆಯಲ್ಲಿ ಅವಳ ಫೋಟೋ ಬಂದಾಗ ನಡುವೆ ದಳದ ಸಾಹೇಬರಿದ್ದರು, ಪಕ್ಕದಲ್ಲಿ ರಾಣಿ ಇದ್ದಳು, ಅಂಚಿನಲ್ಲಿ ನನ್ನ ಷಡ್ಡಕನ ಮೊಣಕೈ ಇತ್ತು. ಆ ಮೊಣಕೈಯನ್ನು ಅವನು ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದ್ದಾನೆ.

ಈ ನಾಯಿ ತಯಾರಾದ ರೀತಿಯನ್ನೂ ಹೇಳಿಬಿಡುತ್ತೇನೆ. ವಾಸನೆಯ ಬಟ್ಟೆಗಂಟನ್ನು ಬೇರೆ ಯಾರೋ ಬಚ್ಚಿಡಬೇಕು, ಎಲ್ಲಿದೆ ಎಂದು ಹಗ್ಗ ಹಿಡಿದವನಿಗೆ ತಿಳಿದಿರಲೇಬಾರದು, ಇದು ಆ ಕೆಲಸದ ನಿಯಮ. ಬಚ್ಚಿಡಲೆಂದೇ ದಳದಲ್ಲಿ ಒಬ್ಬ ಪೇದೆ ಇದ್ದ. ಅವನನ್ನು ಸಾಹೇಬರ ಬಂಗಲೆಯ ಹೂಕುಂಡಗಳಿಗೆ ನೀರು ಹಾಕಲು ಕಳಿಸಿ ಬಹಳ ಕಾಲವಾಗಿತ್ತು. ಹಾಗಾಗಿ ರಾಣಿಯಪ್ಪ ತಾನೇ ಹೋಗಿ ಗಂಟನ್ನು ಬಚ್ಚಿಡುತ್ತಿದ್ದ, ತಾನೇ ಬಂದು "ಹುಡುಕು ರಾಣಿ" ಎನ್ನುತ್ತಿದ್ದ. ಅವಳು ಹುಡುಕುತ್ತಿದ್ದಳು. ಒಂದು ದಿನವೂ ತಪ್ಪಲಿಲ್ಲ. ಎಲ್ಲರಿಗೂ ಬೆರಗೋ ಬೆರಗು!

ದಳದಲ್ಲಿ ಅವನಿಗೆ ಆಗದವರೆಂದರೆ ಒಬ್ಬರೇ, ನಾಯಿಗಳಿಗೆ ಅಡುಗೆ ಮಾಡುವ ಸೌಟು ತಾತ. ರಾಣಿಯ ಬಟ್ಟಲಲ್ಲಿ ಮಾಂಸದ ತುಂಡು ದಿನೇದಿನೇ ಸಣ್ಣದಾಗುತ್ತಿದೆ ಎಂದು ಇವನ ದೂರು. "ಬೆಂದ್ರೆ ಮಾಂಸ ಕುಗ್ಗುತ್ತಪ್ಪಾ, ನಾನೇನು ಮಾಡ್ಲಿ?" ಎಂದು ತಾತನ ಉತ್ತರ. ಬೆಳಗಾದರೆ ಇಬ್ಬರದೂ ಇದೇ ರಗಳೆ. ತಾತನಿಗೆ ಹಿಂದೆ ಮುಂದೆ ಯಾರೂ ಇರಲಿಲ್ಲ. ಅಡುಗೆಕೋಣೆಯ ಹಿಂದಿನ ಪುಟ್ಟ ರೂಮೇ ಅವರ ಮನೆ.

ಹೀಗಿರುವಾಗ ಒಂದು ಬೆಳಗ್ಗೆ ಫೈಲು ತರಲು ಸಾಹೇಬರ ಕೋಣೆಗೆ ಹೋದ ಗುಮಾಸ್ತ ಬೊಬ್ಬೆ ಹಾಕಿದ. ರಾಣಿ ಸ್ಪರ್ಧೆಯಲ್ಲಿ ಗೆದ್ದ ಬೆಳ್ಳಿ ಕಪ್, ಗಾಜಿನ ಬೀರುವಿನಲ್ಲಿ ಇಟ್ಟದ್ದು, ಮಾಯ! ಪೊಲೀಸರ ಮನೆಯಲ್ಲೇ ಕಳವು! ಸಾಹೇಬರು ಜೀಪು ಹತ್ತಿ ಮೀಟಿಂಗಿಗೆ ಹೋಗಿದ್ದರು. ಗುಮಾಸ್ತನಿಗೆ ಇಂಥದೊಂದು ಅವಕಾಶ ಜನ್ಮದಲ್ಲಿ ಸಿಕ್ಕಿರಲಿಲ್ಲ. ಇದ್ದಬದ್ದವರನ್ನೆಲ್ಲ ಅಂಗಳದಲ್ಲಿ ಸಾಲು ನಿಲ್ಲಿಸಿದ. ರಾಣಿಯಪ್ಪ ಹಗ್ಗ ಹಿಡಿದ, ರಾಣಿ ಬೀರು ಮೂಸಿದಳು, ಸಾಲಿನ ಮುಂದೆ ಬಂದಳು, ಸೀದಾ ಹೋಗಿ ಸೌಟು ತಾತನ ಮುಂದೆ ಕೂತುಬಿಟ್ಟಳು.

"ನಾನ್ಯಾಕಪ್ಪಾ ಅದನ್ನ ಕದೀಲಿ? ಅದರಲ್ಲಿ ಟೀ ಕುಡಿಯೋಕಾಗುತ್ತಾ?" ಎಂದರು ತಾತ. ಕೈಯಲ್ಲಿ ಸೌಟು ಹಾಗೇ ಇತ್ತು.

ಮಧ್ಯಾಹ್ನ ಸಾಹೇಬರು ಬಂದರು, ಎಲ್ಲ ಕೇಳಿದರು, ಕರ್ಚೀಫು ತೆಗೆದು ಕತ್ತು ಒರೆಸಿಕೊಂಡರು. "ಕಾನೂನು ತನ್ನ ಕೆಲಸ ಮಾಡ್ಲಿ" ಎಂದು ಕೋಣೆಯ ಬಾಗಿಲು ಹಾಕಿಕೊಂಡರು. ತಾತನ ಕೆಲಸ ಹೋಯಿತು, ರೂಮು ನಾಳೆಯೇ ಖಾಲಿ ಮಾಡಬೇಕು ಎಂದು ಗುಮಾಸ್ತ ಸಾರಿದ.

ಸಂಜೆ ರಾಣಿಯನ್ನೂ ಕರೆತಂದು ನಮ್ಮ ಜಗಲಿಯಲ್ಲಿ ಕೂತು ರಾಣಿಯಪ್ಪ ಇದನ್ನೆಲ್ಲ ಕೈಕಾಲು ಆಡಿಸಿ ವರ್ಣಿಸಿದ. "ನನಗೆ ಮೊದ್ಲೇ ಗೊತ್ತಿತ್ತು ಅಣ್ಣ! ಮಾಂಸ ಕದಿಯೋ ಕೈ ಬೆಳ್ಳಿ ಬಿಡುತ್ತಾ?"

ನನ್ನ ನಾದಿನಿ ಸೊಪ್ಪು ಸೋಸುತ್ತಿದ್ದವಳು ತಲೆಯೆತ್ತಿದಳು. "ಮೊದ್ಲೇ ಗೊತ್ತಿತ್ತಾ? ನಾಯಿಗಿಂತ ಮೊದ್ಲೇ?"

ಅವಳ ತಲೆ ಕತ್ತರಿಯಷ್ಟು ಚುರುಕು. ಗಂಡನ ಚೀಲದಿಂದ ಬಟ್ಟೆಗಂಟು ತೆಗೆದಳು, ಅವನನ್ನೂ ನಾಯಿಯನ್ನೂ ಹೊರಗೆ ನಿಲ್ಲಿಸಿದಳು, ಮನೆಯೊಳಗೆ ಎಲ್ಲೋ ಬಚ್ಚಿಟ್ಟು ಬಂದಳು. "ಹ್ಞಾಂ, ಈಗ ಹುಡುಕಿಸಿ, ನೋಡೋಣ." ರಾಣಿ ಮನೆಯೆಲ್ಲ ಒಂದು ಸುತ್ತು ಹಾಕಿದಳು. ಇನ್ನೊಂದು ಸುತ್ತು. ಆಮೇಲೆ ಬಂದು ಯಜಮಾನನ ಮುಖವನ್ನೇ ನೋಡುತ್ತ ನಿಂತಳು. ನಾದಿನಿ ಬಚ್ಚಿಟ್ಟ ಜಾಗವನ್ನು ಗಂಡನ ಕಿವಿಯಲ್ಲಿ ಪಿಸುಗುಟ್ಟಿದಳು. ಅವನು ಮತ್ತೆ ಹಗ್ಗ ಹಿಡಿದು ಹೊರಟ. ಈ ಸಲ ರಾಣಿ ಸೀದಾ ಅಕ್ಕಿ ಡಬ್ಬದ ಮುಂದೆ ಹೋಗಿ ಕೂತಳು.

"ರೀ, ಇದು ಮೂಸ್ತಾ ಇಲ್ಲ. ನಿಮ್ಮ ಕೈ ಎಲ್ಲಿ ಬಿಗಿಯಾಗುತ್ತೋ ಅಲ್ಲಿ ಕೂರುತ್ತೆ. ತಾತನ್ನ ಕಂಡ್ರೆ ನಿಮಗೆ ಮೈಯೆಲ್ಲಾ ಬಿಗಿಯಾಗುತ್ತಲ್ಲ, ಅಷ್ಟೇ."

ರಾಣಿಯಪ್ಪ ತನ್ನ ಬಲಗೈಯನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡ. ನನಗೆ ರೇಗಿತು. "ಅಲ್ಲಯ್ಯಾ, ನಾಳೆ ಆ ಮುದುಕ ಹಾಸಿಗೆ ಸುತ್ಕೊಂಡು ಬೀದಿಗೆ ಬರ್ತಾನೆ. ಬೆಳಗ್ಗೆನೇ ಹೋಗಿ ಹೇಳು!"

"ಹೇಳಿದ್ರೆ ರಾಣೀನ ದಳದಿಂದ ತೆಗೀತಾರೆ ಅಣ್ಣ. ತೆಗೆದ ನಾಯಿ ಯಾರ ಪಾಲಾಗುತ್ತೋ ಸಾಹೇಬರ ಇಷ್ಟ. ಯಾವನೋ ಗೋಡೌನಿಗೆ ಕಟ್ಟಿಹಾಕ್ತಾನೆ." ಹೇಳುತ್ತ ಹೇಳುತ್ತ ಅವನು ಅತ್ತುಬಿಟ್ಟ. ರಾಣಿ ಅವನ ಮಂಡಿಯ ಮೇಲೆ ತಲೆಯಿಟ್ಟಳು. ಆದರೂ ನಾನು ಬೈಯುವುದನ್ನು ನಿಲ್ಲಿಸಲಿಲ್ಲ.

ಬೆಳಗ್ಗೆ ಹೋದ. ಕೋಟಿನ ನೆಪ ಮಾಡಿಕೊಂಡು ನಾನೂ ಹಿಂದೆಯೇ ಹೋದೆ. ತಾತ ಟ್ರಂಕಿಗೆ ಹಗ್ಗ ಬಿಗಿಯುತ್ತಿದ್ದರು. ಸಾಹೇಬರು ಆಗಷ್ಟೇ ಅಂಗಳದಲ್ಲಿ ಜೀಪಿನಿಂದ ಇಳಿಯುತ್ತಿದ್ದರು. ರಾಣಿಯಪ್ಪ ಸೆಲ್ಯೂಟ್ ಹೊಡೆದು, ಎಲ್ಲರಿಗೂ ಕೇಳುವಂತೆ ಹೇಳಿಯೇಬಿಟ್ಟ: ರಾಣಿ ನನ್ನ ಕೈ ನೋಡಿ ಕೂತದ್ದು, ತಾತನ ಮೇಲೆ ಅನುಮಾನ ಪಟ್ಟದ್ದು ನಾನು, ಅವಳಲ್ಲ.

"ತಲೆ ಕೆಟ್ಟಿದೆಯೇನಯ್ಯಾ?" ಸಾಹೇಬರು ಗುಡುಗಿದರು. "ನಾಯಿ ಸುಳ್ಳು ಹೇಳಲ್ಲ. ಒಂದ್ಸಲ ತಪ್ಪು ಅಂತ ಒಪ್ಕೊಂಡ್ರೆ, ಇಲ್ಲೀತನಕ ಹಿಡಿದವರೆಲ್ಲಾ ಬಂದು ಬಾಗಿಲು ಬಡೀತಾರೆ. ನಿನ್ನ ಮಾತು ನಂಬ್ಲಾ, ನಾಯಿ ಮಾತು ನಂಬ್ಲಾ?"

"ಹಗ್ಗ ಬೇರೆಯವರ ಕೈಗೆ ಕೊಟ್ಟು ನೋಡಿ ಸಾರ್. ಇನ್ನೊಂದ್ಸಲ ಸಾಲು ನಿಲ್ಸಿ."

ಗುಮಾಸ್ತ ಕೂಡಲೇ ಕೈ ಚಾಚಿದ. ಪೇದೆಗಳು ಆಗಲೇ ತಾವಾಗಿ ಸಾಲು ನಿಂತಿದ್ದರು. ಬಿಟ್ಟಿ ತಮಾಷೆ ಯಾರಿಗೆ ಬೇಡ? ಸಾಲಿನ ಕೊನೆಗೆ ತಾತ, ತಾತನ ಆಚೆಗೆ ಜೀಪು. ಸಾಹೇಬರು ಗುಮಾಸ್ತನನ್ನು ನೋಡಿದರು, ಜೀಪನ್ನು ನೋಡಿದರು, ತಟ್ಟನೆ ಹಗ್ಗ ಕಿತ್ತುಕೊಂಡರು. "ಕೊಡಿಲ್ಲಿ, ನಾನೇ ಹಿಡೀತೀನಿ."

ಅವರು ಹಾಗೇಕೆ ಮಾಡಿದರು ಎಂಬುದು ಆಗ ನಮಗೆ ತಿಳಿಯಲಿಲ್ಲ. ಆಮೇಲೆ ಪ್ಯಾಂಟು ಸಡಿಲ ಮಾಡಿಸಲು ಬಂದ ಜೀಪಿನ ಡ್ರೈವರು ಹೇಳಿದ. ಕಪ್ಪನ್ನು ಒಯ್ದವರು ಸಾಹೇಬರೇ. ಕಳ್ಳತನವೇನಲ್ಲ ಬಿಡಿ, ಕಪ್ಪಿನ ಮೇಲೆ ನಾಯಿಯ ಹೆಸರು ಮಾತ್ರ ಇತ್ತು, ಅದರ ಮೇಲುಗಡೆ ತಮ್ಮ ಹೆಸರನ್ನೂ ಕೆತ್ತಿಸೋಣವೆಂದು ಟವೆಲಿನಲ್ಲಿ ಸುತ್ತಿ ಜೀಪಿನ ಹಿಂದಿನ ಸೀಟಿನಡಿ ಇಟ್ಟಿದ್ದರು. ಅಷ್ಟರಲ್ಲಿ ಗುಮಾಸ್ತ ಊರೆಲ್ಲ ಒಂದು ಮಾಡಿದ್ದ. ನಾನೇ ಒಯ್ದೆ ಎಂದರೆ ನಗೆಪಾಟಲು. ಅಡುಗೆಯವನೊಬ್ಬ ಹೋದರೆ ಇನ್ನೊಬ್ಬ ಸಿಗುತ್ತಾನೆ ಎಂದುಕೊಂಡು ತೆಪ್ಪಗಿದ್ದರು. ಕಪ್ ಇನ್ನೂ ಆ ಸೀಟಿನಡಿಯೇ ಇತ್ತು. ಈಗ ಅವರಿಗಿದ್ದ ಭಯ ಒಂದೇ: ರಾಣಿಯ ಮೂಗು ನಿಜವಾಗಿಯೂ ಚುರುಕಾಗಿಬಿಟ್ಟರೆ? ಜೀಪಿನ ಹತ್ತಿರ ಹೋಗದಂತೆ ತಿರುಗಿಸಲೆಂದೇ ಹಗ್ಗವನ್ನು ಯಾರಿಗೂ ಕೊಡಲಿಲ್ಲ ಮಹಾನುಭಾವರು.

ಸಾಹೇಬರು ಠೀವಿಯಿಂದ ಹೊರಟರು. ರಾಣಿ ಅವರ ಮಗ್ಗುಲಲ್ಲಿ ನಡೆದಳು. ಪೇದೆಗಳನ್ನು ದಾಟಿದಳು, ಗುಮಾಸ್ತನನ್ನು ದಾಟಿದಳು. ತಾತ ಕಣ್ಣು ಮುಚ್ಚಿ ನಿಂತಿದ್ದರು. ಅವರನ್ನೂ ತಿರುಗಿ ನೋಡದೆ ದಾಟಿದಳು. ಸಾಹೇಬರು ಅವಸರವಾಗಿ ಹಗ್ಗ ಎಳೆದು ಹಿಂದಕ್ಕೆ ತಿರುಗಲು ಹೋದರು. ಕೈ ಬಿಗಿಯಿತು ನೋಡಿ! ರಾಣಿ ಒಮ್ಮೆ ಅವರ ಮುಖ ನೋಡಿದಳು, ನೆಟ್ಟಗೆ ಜೀಪಿನ ಹಿಂಬಾಗಿಲಿಗೆ ಹೋಗಿ ಕೂತಳು.

ಡ್ರೈವರು ಆಕಾಶ ನೋಡತೊಡಗಿದ. ಜೀಪಿನ ಬಾಗಿಲು ತೆಗೆದು ನೋಡೋಣ ಎನ್ನುವ ಧೈರ್ಯ ಯಾರಿಗೂ ಬರಲಿಲ್ಲ.

ಸಾಹೇಬರು ನಗಲು ನೋಡಿದರು. "ನೋಡಿದ್ರಾ? ಇವನು ಹೇಳಿದ್ದೇ ಸರಿ. ನಾಯಿಗೆ ಬುದ್ಧಿ ಕೆಟ್ಟಿದೆ. ಸೌಟು ತಾತ, ಹೋಗಿ ಒಲೆ ಹಚ್ಚು, ನಿನ್ನದೇನೂ ತಪ್ಪಿಲ್ಲ." ಹಾಗೆನ್ನುತ್ತ ರಾಣಿಯಪ್ಪನ ಹತ್ತಿರ ಬಂದು ದನಿ ತಗ್ಗಿಸಿದರು. ಪಕ್ಕದಲ್ಲೇ ಇದ್ದ ನನಗೆ ಕೇಳಿಸಿತು. "ಇದನ್ನ ಬೇಗ ಎಬ್ಬಿಸ್ಕೊಂಡು ಹೋಗು. ನಾಯೀನ ನಿನ್ನ ಮನೆಗೇ ಬರ್ಕೊಡ್ತೀನಿ."

ಸಾಹೇಬರು ಹಗ್ಗ ಜಗ್ಗಿದರು. ರಾಣಿ ಏಳಲಿಲ್ಲ. ಗುಮಾಸ್ತ "ಕಮಾನ್, ಕಮಾನ್" ಎಂದ. ಬಿಸ್ಕತ್ತು ತೋರಿಸಿದ. ಊಹೂಂ. ದಳದ ನಾಯಿಗಳ ಪಾಠವೇ ಹಾಗೆ. ವಸ್ತು ಸಿಕ್ಕಿತೆಂದು ಕೂತ ನಾಯಿ ತನ್ನವನ ಬಾಯಿಂದ ಶಭಾಷ್ ಎಂಬ ಒಂದು ಮಾತು ಕೇಳುವ ತನಕ ಜಪ್ಪಯ್ಯ ಎಂದರೂ ಏಳುವುದಿಲ್ಲ. ಆ ಮಾತಿನ ಅರ್ಥ ಅಲ್ಲಿದ್ದ ಅಷ್ಟೂ ಜನಕ್ಕೆ ಗೊತ್ತು: ನೀನು ಹಿಡಿದದ್ದು ಸರಿ, ಕದ್ದ ಮಾಲು ಇಲ್ಲೇ ಇದೆ.

"ಬೇರೆ ಏನಾದ್ರೂ ಹೇಳಿ ಎಬ್ಬಿಸಯ್ಯಾ" ಎಂದರು ಸಾಹೇಬರು. ದನಿಯಲ್ಲಿ ಗುಡುಗು ಇರಲಿಲ್ಲ.

"ಬೇರೆ ಮಾತು ಅವಳಿಗೆ ಕಲಿಸಿಲ್ಲ ಸಾರ್."

"ಹಾಗಾದ್ರೆ ಎತ್ಕೊಂಡು ಹೋಗು!"

ಎತ್ತಿಕೊಂಡು ಹೋಗಬಹುದಿತ್ತು. ಬೆನ್ನು ಉಳುಕುತ್ತಿತ್ತು, ನಾಯಿ ದಕ್ಕುತ್ತಿತ್ತು, ನೌಕರಿಯೂ ಭದ್ರ. ನಾನಾಗಿದ್ದರೆ ಎತ್ತಿಕೊಂಡೇ ಹೋಗುತ್ತಿದ್ದೆ. ರಾಣಿಯಪ್ಪ ಅವಳ ಹತ್ತಿರ ಹೋದ, ಬಗ್ಗಿದ, ತೋಳು ಚಾಚಿದ. ರಾಣಿ ಅವನನ್ನೇ ನೋಡುತ್ತಿದ್ದಳು, ಕಿವಿ ನಿಮಿರಿಸಿ, ಮಾಡಿದ ಕೆಲಸಕ್ಕೆ ಒಂದು ಮಾತು ಬರುತ್ತದೆಂದು. ಅವನು ಬಗ್ಗಿದವನು ಹಾಗೇ ನೆಟ್ಟಗಾದ. ಸಾಹೇಬರ ಕಡೆ ತಿರುಗಿ ಒಂದು ಸೆಲ್ಯೂಟ್ ಹೊಡೆದ.

"ಶಭಾಷ್ ರಾಣಿ!" ಎಂದ. ಹೇಳಿದ ಅಂದರೆ, ಗೇಟಿನಾಚೆ ಬೀದಿಯವರೆಲ್ಲ ತಿರುಗಿ ನೋಡುವ ಹಾಗೆ. "ಶಭಾಷ್ ನನ್ನ ತಾಯಿ!"

ರಾಣಿ ಎದ್ದು ಅವನ ಎದೆಗೆ ಹಾರಿದಳು. ಯಾರೋ ಒಬ್ಬ ಪೇದೆ ಕೆಮ್ಮಿದ. ಸೌಟು ತಾತ ಟ್ರಂಕಿನ ಮೇಲೆ ಕೂತು ಪಂಚೆಯ ತುದಿಯಲ್ಲಿ ಕಣ್ಣೊರೆಸಿಕೊಂಡರು. ಅವಳನ್ನು ಕರೆದುಕೊಂಡು ರಾಣಿಯಪ್ಪ ಗೇಟು ದಾಟಿದಾಗ, ಯಾರೂ ತಡೆಯಲಿಲ್ಲ.

ಅವನೀಗ ಟ್ರಾಫಿಕ್ಕಿಗೆ ಎತ್ತಂಗಡಿಯಾಗಿ, ನಾಲ್ಕು ರಸ್ತೆ ಕೂಡುವಲ್ಲಿ ಬಿಸಿಲಲ್ಲಿ ನಿಂತು ಸೀಟಿ ಊದುತ್ತಾನೆ. ರಾಣಿಯನ್ನು ವಾಪಸ್ ಕೇಳಲು ದಳದಿಂದ ಯಾರೂ ಬರಲಿಲ್ಲ, ಅವಳು ನನ್ನ ನಾದಿನಿಯ ಅಡುಗೆಮನೆ ಬಾಗಿಲಲ್ಲಿ ಮಲಗುತ್ತಾಳೆ. ಆವತ್ತು ಮಾತ್ರ ನಾನು ಸಂಜೆಯ ತನಕ ಅಂಗಡಿ ಬಿಟ್ಟು ಕದಲದೆ ಆ ಗೇಟನ್ನೇ ನೋಡಿದೆ. ಅಷ್ಟು ಜನರ ಕಣ್ಣೆದುರು ಜೀಪಿನ ಬಾಗಿಲು ತೆಗೆಯಲಾಗದೆ ಸಾಹೇಬರು ಮನೆಗೆ ನಡೆದುಕೊಂಡೇ ಹೋದರು.