ಏರ್ ಗನ್ನುಗಳು ಮತ್ತು ಪಕ್ಕದ ಮನೆಯ ಬೆಕ್ಕು

ಹಳೆಯ ಏರ್ ಗನ್ನುಗಳ ಹುಚ್ಚು ನನಗೆ ಹತ್ತಿದ್ದು ಸ್ವೀಡನ್ನಿನ ಎಸ್ಕಿಲ್‌ಸ್ಟುನಾದಲ್ಲಿ ಮನೆ ಕೊಂಡ ಮೇಲೆ. ಇಲ್ಲಿ ಹಳೇ ಸಾಮಾನು ಮಾರುವ ಲೊಪ್ಪಿಸ್‌ಗಳಲ್ಲಿ ಕಪ್ಪು, ಸಾಸರು, ದೀಪಗಳ ನಡುವೆ ಒಮ್ಮೊಮ್ಮೆ ತುಕ್ಕು ಹಿಡಿದ ಗನ್ನೊಂದು ಗೋಡೆಗೆ ಒರಗಿರುತ್ತದೆ. ಯಾರೂ ಮುಟ್ಟದ ಮಾಲು, ಹಾಗಾಗಿ ಅಗ್ಗ. ಬಿಚ್ಚಿದರೆ ಒಳಗಿರುವುದು ಒಂದು ಸ್ಪ್ರಿಂಗು, ಒಂದು ಪಿಸ್ಟನ್ನು, ಒಣಗಿ ಗಟ್ಟಿಯಾದ ಚರ್ಮದ ವಾಷರು. ವಾಷರನ್ನು ಎಣ್ಣೆಯಲ್ಲಿ ನೆನೆಹಾಕಿ ಮತ್ತೆ ಜೋಡಿಸಿದರೆ ಸತ್ತಿದ್ದ ಗನ್ನು ಎದ್ದು ಕೂರುತ್ತದೆ. ದಿನವಿಡೀ ಕಂಪ್ಯೂಟರಿನ ಮುಂದೆ ಕೈಗೆ ಸಿಗದ್ದನ್ನೇ ರಿಪೇರಿ ಮಾಡುವವನಿಗೆ ಇದರ ಸುಖ ಹೇಳತೀರದು.

ಸುಖದ ಜೊತೆಗೆ ನಾಚಿಕೆಯೂ ಇತ್ತು. ಜಿರಳೆ ಕಂಡರೂ ಪೇಪರಿನಲ್ಲಿ ಎತ್ತಿ ಹೊರಗೆ ಬಿಡುವ ಮನೆಯಲ್ಲಿ ಬೆಳೆದವನು ನಾನು. ಕನ್ನಡದ ಗೆಳೆಯರು ಊಟಕ್ಕೆ ಬಂದರೆ ಮೊದಲು ಗನ್ನುಗಳನ್ನಿಟ್ಟ ಷೆಡ್ಡಿಗೆ ಬೀಗ ಹಾಕುತ್ತಿದ್ದೆ. ಗುರಿಯಿಡುವುದೂ ಹಿತ್ತಲಲ್ಲಿ, ಷೆಡ್ಡಿನ ಮರೆಯಲ್ಲಿ. ಹಳೇ ಬಟ್ಟೆ ತುರುಕಿದ ಅಕ್ಕಿ ಚೀಲ, ಅದರ ಮುಂದೆ ರಸಗುಲ್ಲದ ಖಾಲಿ ಡಬ್ಬಿ.

"ಎಕ್ಸಿಬಿಷನ್‌ನಲ್ಲಿ ಬಲೂನ್ ಹೊಡೆಸೋ ಅಂಗಡಿ ಇಡ್ತೀರಾ?" ಎಂದು ಹೆಂಡತಿ ರೇಗಿಸುತ್ತಿದ್ದಳು. ಒಂದು ವಿಷಯದಲ್ಲಿ ಮಾತ್ರ ಅವಳು ತಮಾಷೆ ಮಾಡಲಿಲ್ಲ. "ರೀ, ಪಕ್ಕದ ಮನೆಯವರಿಗೆ ಒಂದು ಮಾತು ಹೇಳ್ಬಿಡಿ. ಇಲ್ಲಿ ಪಾರ್ಟಿ ಮಾಡೋರೂ ಮುಂಚೆ ಹೇಳ್ತಾರೆ."

ಪಕ್ಕದ ಮನೆಯಲ್ಲಿದ್ದವರು ಒಬ್ಬ ನಿವೃತ್ತ ಟೀಚರು, ಅವರ ಜೊತೆಗೊಂದು ಬೂದು ಬೆಕ್ಕು. ನಾವು ಹೊಸದಾಗಿ ಬಂದಾಗ ತಮ್ಮ ಮರದ ಸೇಬು ತಂದುಕೊಟ್ಟವರು, ನನ್ನ ಹರಕು ಸ್ವೀಡಿಷನ್ನು ನಗದೆ ಕೇಳುವವರು. ಈ ಬೀದಿಯಲ್ಲಿ ನಮ್ಮವರು ಅಂತ ಇದ್ದದ್ದು ಅವರೊಬ್ಬರೇ. ಅವರ ಮುಂದೆ ನಿಂತು, ನನ್ನ ಹತ್ತಿರ ಬಂದೂಕುಗಳಿವೆ ಎನ್ನಲು ನಾಲಿಗೆ ಏಳಲಿಲ್ಲ. ಅವರು ನನ್ನನ್ನು ನೋಡುವ ರೀತಿ ಬದಲಾದರೆ ಎಂಬ ಅಳುಕು. ನಾಳೆ ಹೇಳೋಣ ಅಂದುಕೊಂಡೇ ಬೇಸಿಗೆ ಕಳೆಯಿತು.

ಆಯುಧಪೂಜೆ ಬಂತು. "ನಿಜವಾದ ಆಯುಧ ಷೆಡ್ಡಲ್ಲಿ ಇಟ್ಕೊಂಡು ಲ್ಯಾಪ್‌ಟಾಪ್‌ಗೆ ಕುಂಕುಮ ಹಚ್ತೀರಲ್ರೀ," ಎಂದಳು ಹೆಂಡತಿ. ಅವಳು ಕೀಟಲೆಗೆ ಅಂದದ್ದು ನನಗೆ ಸರಿ ಅನ್ನಿಸಿತು. ಗನ್ನುಗಳನ್ನೆಲ್ಲ ಷೆಡ್ಡಿನ ಹಿಂದಿನ ಗೋಡೆಗೆ ಸಾಲಾಗಿ ನಿಲ್ಲಿಸಿ ಗಂಧ, ಕುಂಕುಮ, ಹೂವು ಇಟ್ಟೆ. ಬೂದುಗುಂಬಳ ಇಲ್ಲಿ ಸಿಗುವುದಿಲ್ಲ. ಅಕ್ಟೋಬರಿನಲ್ಲಿ ಸೂಪರ್‌ಮಾರ್ಕೆಟ್ ತುಂಬ ಬರುವ ಕಿತ್ತಳೆ ಬಣ್ಣದ ಕುಂಬಳವನ್ನೇ ತಂದು, ತೂತು ಕೊರೆದು, ಕುಂಕುಮದ ನೀರು ತುಂಬಿ, ದೃಷ್ಟಿ ತೆಗೆದು, ನೆಲದ ಕಲ್ಲಿಗೆ ಅಪ್ಪಳಿಸಿದೆ. ಕಲ್ಲು, ಗೋಡೆ, ನನ್ನ ಕೈ, ಎಲ್ಲವೂ ಕೆಂಪು.

ಅಷ್ಟರಲ್ಲಿ ಬೇಲಿಯ ಹತ್ತಿರದಿಂದ ಆ ಟೀಚರು ಕರೆದರು. ನಾನು ಷೆಡ್ಡಿನ ಮರೆಯಿಂದ ಹೊರಬಂದೆ.

"ನಮ್ಮ ಬೆಕ್ಕು ಈ ಕಡೆ ಬಂತಾ? ನಿನ್ನೆಯಿಂದ ಮನೆಗೇ ಬಂದಿಲ್ಲ."

ಕೇಳಿದ್ದು ಅಷ್ಟೇ. ಅವರು ನಿಂತಲ್ಲಿಂದ ಗನ್ನುಗಳೂ ಕಾಣುತ್ತಿರಲಿಲ್ಲ, ಒಡೆದ ಕಾಯಿಯೂ ಕಾಣುತ್ತಿರಲಿಲ್ಲ.

"ನಾನು ಹೊಡೆದಿಲ್ಲ," ಎಂದುಬಿಟ್ಟೆ.

ಅವರಿಗೆ ಅರ್ಥವಾಗಲಿಲ್ಲ. ಆಮೇಲೆ ನನ್ನ ಕೈ ನೋಡಿದರು. ನಾನು ಗಾಬರಿಯಲ್ಲಿ ಇನ್ನಷ್ಟು ಒದರಿದೆ. ಡಬ್ಬಿಗೆ ಮಾತ್ರ ಹೊಡೆಯುವುದು, ಬೇಕಾದರೆ ಬಂದು ನೋಡಿ ಎಂದು ನಾನೇ ಕರೆದುಕೊಂಡು ಹೋದೆ. ಕುಂಕುಮ ಹಚ್ಚಿದ ಗನ್ನುಗಳ ಸಾಲು, ಅದರ ಮುಂದೆ ಕೆಂಪು ನೆಲ. ದೃಷ್ಟಿ ತೆಗೆಯುವುದನ್ನು ಸ್ವೀಡಿಷಿನಲ್ಲಿ ಹೇಗೆ ಹೇಳಬೇಕು? ಕಾಯಿ, ಬಣ್ಣ, ದೇವರು ಎಂದೆಲ್ಲ ತೊದಲಿದೆ. ಅವರು ತಲೆಯಾಡಿಸಿ, ಬಗ್ಗಿ, ಶೂ ತುದಿಯಿಂದ ಒಂದು ಹೋಳನ್ನು ಮಗುಚಿ ನೋಡಿದರು. ಕುಂಬಳಕಾಯಿಯೇ ಎಂದು ಖಾತ್ರಿಯಾದ ಮೇಲೆ ಹೊರಟುಹೋದರು.

ಹೆಂಡತಿ ಹಣೆ ಚಚ್ಚಿಕೊಂಡಳು. "ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ ಅಂತಾರೆ. ನೀವು ಯಾರೂ ಕಳ್ಳ ಅನ್ನೋಕ್ ಮುಂಚೇನೇ ಮುಟ್ಕೊಂಡ್ರಿ." ಅವಳಿಗೆ ನಗು ತಡೆಯಲಾಗಲಿಲ್ಲ. ನಾನು ಬಕೆಟ್ಟು ಹಿಡಿದು ಕೆಂಪು ಕಲ್ಲು ತೊಳೆಯಲು ಹೋದೆ.

ಮಾರನೆಯ ದಿನ ಬೆಕ್ಕು ತಾನಾಗಿಯೇ ಬಂತು. ಯಾರದೋ ಗ್ಯಾರೇಜಿನಲ್ಲಿ ಸಿಕ್ಕಿಕೊಂಡಿತ್ತಂತೆ. ಟೀಚರು ಅದನ್ನು ಹೇಳಲೆಂದೇ ದಾಲ್ಚಿನ್ನಿ ಬನ್ನು ಹಿಡಿದು ಬಂದರು, ನಿಮಗೆ ಬೇಸರ ಮಾಡಿದೆ ಎಂದು ಕ್ಷಮೆ ಕೇಳಿದರು. ಕೇಳಬೇಕಾದವನು ನಾನು. ಬನ್ನು ತೆಗೆದುಕೊಂಡು ಥ್ಯಾಂಕ್ಸ್ ಅಂದೆ, ಅಷ್ಟೇ.

ಆಮೇಲೆ ನಾನು ಒಂದು ಪೆಲೆಟ್ಟನ್ನೂ ಹಾರಿಸಿಲ್ಲ. ಅದನ್ನು ಅವರಿಗೂ ಹೇಳಿದ್ದೇನೆ. ಛೆ, ನನಗೋಸ್ಕರ ಬಿಡಬೇಡಿ ಎಂದರು, ಮನಸಾರೆ.

ಆದರೂ ನಮ್ಮ ಹಿತ್ತಲ ಬಾಗಿಲು ತೆರೆದ ಸದ್ದಾದರೆ ಸಾಕು, ಅವರು ಬೆಕ್ಕನ್ನು ಕರೆಯುವ ದನಿ ಕೇಳುತ್ತದೆ. ಅದರಲ್ಲಿ ಕೋಪವಿಲ್ಲ. ಮೊನ್ನೆ ಕಸದ ಚೀಲ ಹಿಡಿದು ಹೊರಗೆ ಬಂದೆ. ನನ್ನನ್ನು ನೋಡಿ ನಕ್ಕರು, ಕೈ ಬೀಸಿದರು, ಬೆಕ್ಕು ಒಳಗೆ ಹೋಗುವ ತನಕ ಕಾದು ಬಾಗಿಲು ಹಾಕಿಕೊಂಡರು.